ಅಟ್ಟದಿಂದ ಇಳಿದ ಸಾಮಾನು: ಗುಜರಿಗೋ, ಪಾತ್ರೆಯಂಗಡಿಗೋ, ಬಳಸುವವರ ಕೈಗೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಅಡಿಕೆ ತೋಟದ ಮನೆಗಳಲ್ಲಿ ಕೂಡುಕುಟುಂಬಗಳು ಪಾಲಾಗಿ, ಮಕ್ಕಳು ಮಂಗಳೂರು, ಬೆಂಗಳೂರು ಸೇರಿದ ಮೇಲೂ ಜಂಬರದ (ಮನೆಯ ಸಮಾರಂಭದ) ಅಡುಗೆಯ ಕೊಪ್ಪರಿಗೆ, ಬಚ್ಚಲ ಹಂಡೆ, ಕಂಚಿನ ಉರುಳಿ, ಅಡಿಕೆಗೆ ಮದ್ದು ಬಿಡುವ ಹಿತ್ತಾಳೆಯ ಪಂಪು ಅಟ್ಟದಲ್ಲಿ ಹಾಗೆಯೇ ಉಳಿದಿವೆ. ನಮ್ಮ ಮನೆಯ ಅಟ್ಟವನ್ನು ತೆರವು ಮಾಡುವಾಗ ಇವುಗಳನ್ನು ಸಾಗಿಸುವ ಬೇರೆ ಬೇರೆ ದಾರಿಗಳನ್ನು ಪರೀಕ್ಷಿಸಿದೆ. ಕೈಬಿಟ್ಟ ಪಾತ್ರೆ ಪಾತ್ರೆಯಾಗಿಯೇ ಉಳಿಯುತ್ತದೆಯೇ ಎಂಬುದೇ ನನಗೆ ಹಣಕ್ಕಿಂತ ಮುಖ್ಯವಾಗಿತ್ತು.

ಗುಜರಿಯವರ ದೊಡ್ಡ ಅನುಕೂಲವೆಂದರೆ ಅವರು ಮನೆಬಾಗಿಲಿಗೇ ಬಂದು ಕಬ್ಬಿಣ, ತಾಮ್ರ, ಕಾಗದ ಎಲ್ಲವನ್ನೂ ಒಂದೇ ಬಾರಿಗೆ ಒಯ್ಯುತ್ತಾರೆ. ಆದರೆ ಅಲ್ಲಿ ತೂಕಕ್ಕೆ ಮಾತ್ರ ಬೆಲೆ. ಕೊಪ್ಪರಿಗೆಯ ಕಬ್ಬಿಣದ ಬಳೆಗಳನ್ನು ಸುತ್ತಿಗೆಯಿಂದ ಬಡಿದು ಕಳಚಿದ ಮೇಲೆಯೇ ತಾಮ್ರವನ್ನು ತಕ್ಕಡಿಗೆ ಏರಿಸಿದರು. ತೂತುಬಿದ್ದ ಪಾತ್ರೆಗೆ ಈ ದಾರಿಯೇ ಸಾಕು. ಕಂಚನ್ನು ಮಾತ್ರ ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು: ನಾದ ನೀಳವಾಗಿದ್ದರೆ ಉರುಳಿ ಗಟ್ಟಿಯಿದೆ, ದನಿ ಬೊಡ್ಡಾಗಿದ್ದರೆ ಎಲ್ಲೋ ಸೀಳು ಬಿಟ್ಟಿದೆ, ಅದನ್ನು ಕರಗಿಸಿ ಮತ್ತೆ ಎರಕ ಹೊಯ್ಯುವುದೇ ಸರಿ.

ಕಾಸರಗೋಡು ಪೇಟೆಯ ಪಾತ್ರೆಯಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ಪದ್ಧತಿ ಇನ್ನೂ ಇದೆ. ತಾಮ್ರಕ್ಕೆ ಗುಜರಿಗಿಂತ ಹೆಚ್ಚು ದರ ಸಿಕ್ಕಿತಾದರೂ ಮಸಿ ಮತ್ತು ಕಲಾಯಿಯ ಲೆಕ್ಕದಲ್ಲಿ ತೂಕವನ್ನು ಕಡಿತ ಮಾಡಿದರು. ಹೊಸ ಪಾತ್ರೆಗೆ ಮಜೂರಿ ಬೇರೆ. ಆದುದರಿಂದ ಎರಡೂ ದರಗಳನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳದೆ ಒಪ್ಪಬಾರದು. ಹೊಸ ಪಾತ್ರೆಯ ಅಗತ್ಯವೇ ಇಲ್ಲದವರಿಗೆ ಈ ದಾರಿಯನ್ನು ನಾನು ಸೂಚಿಸಲಾರೆ, ಏಕೆಂದರೆ ಅದು ಅಟ್ಟವನ್ನು ಮತ್ತೆ ತುಂಬಿಸುತ್ತದೆ.

ಬಳಸುವವರನ್ನು ಹುಡುಕಿ ಕೊಡುವುದು ಎಲ್ಲಕ್ಕಿಂತ ನಿಧಾನದ ಕೆಲಸ, ಆದರೂ ನನ್ನ ಒಲವು ಅದಕ್ಕೇ. ಬಚ್ಚಲಲ್ಲಿ ಇಂದಿಗೂ ಸೌದೆ ಉರಿಸುವ ಚಿಕ್ಕಪ್ಪನ ಮನೆಗೆ ಹಂಡೆ ಹೋಯಿತು. ಪಂಪಿನ ಕಥೆ ಇನ್ನೂ ಚೆನ್ನಾಗಿದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ತಲಾ 1 ಕಿಲೋ ಬೇಕು; ಮೈಲುತುತ್ತು ಕಬ್ಬಿಣವನ್ನು ತಿನ್ನುವುದರಿಂದಲೇ ಹಿಂದಿನವರು ಹಿತ್ತಾಳೆಯ ಪಂಪನ್ನು ಆರಿಸಿದ್ದರು. ವಾಶರ್ ಬದಲಾಯಿಸಿದೊಡನೆ ಅದು ಒತ್ತಡ ಹಿಡಿಯಿತು, ಮತ್ತು ಸಣ್ಣ ತೋಟದ ನೆರೆಯವರೊಬ್ಬರು ಕೊಳೆರೋಗದ ಮದ್ದಿಗೆ ಈಗಲೂ ಅದನ್ನೇ ಬಳಸುತ್ತಿದ್ದಾರೆ. ಗುಜರಿಯಲ್ಲಿ ಇದೇ ಪಂಪು ಹಿತ್ತಾಳೆಯ ತುಂಡಾಗುತ್ತಿತ್ತು. ದೇವಸ್ಥಾನದ ಪಾಕಶಾಲೆಗೆ ದೊಡ್ಡ ಪಾತ್ರೆ ಕೊಡುವುದಿದ್ದರೆ ಮೊದಲು ಕೇಳಬೇಕು. ಬೇಡದ ದಾನವನ್ನು ನಿರಾಕರಿಸಲಾಗದೆ ಅವರು ಇಟ್ಟುಕೊಳ್ಳುತ್ತಾರೆ, ಪಾತ್ರೆ ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಏರುತ್ತದೆ.

ಪ್ಲಾಸ್ಟಿಕ್ಕಿಗೆ ಪಂಚಾಯತಿನ ಹರಿತಕರ್ಮಸೇನೆಯೇ (ಮನೆಮನೆಯಿಂದ ಕಸ ಸಂಗ್ರಹಿಸುವ ತಂಡ) ಸರಿ. ತೊಳೆದು ಒಣಗಿಸಿಟ್ಟರೆ ತಿಂಗಳ ಶುಲ್ಕಕ್ಕೆ ಮನೆಗೇ ಬಂದು ಒಯ್ಯುತ್ತಾರೆ.

ಕನ್ನಡ ಪುಸ್ತಕಗಳನ್ನು ಮಾತ್ರ ತೂಕಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನೆಲದಲ್ಲಿ ಕನ್ನಡ ಓದುವ ಮಕ್ಕಳಿಗೆ ಊರಿನ ವಾಚನಾಲಯದ ಒಂದು ಕಪಾಟು ಬಹಳ ದೊಡ್ಡದು. ಗೆದ್ದಲು ಹಿಡಿದವನ್ನು ಬೇರ್ಪಡಿಸಿ, ಉಳಿದವುಗಳ ಪಟ್ಟಿಯನ್ನು ಮೊದಲು ವಾಚನಾಲಯಕ್ಕೆ ಕೊಟ್ಟು, ಅವರು ಗುರುತು ಹಾಕಿದವನ್ನಷ್ಟೇ ಒಯ್ದು ಒಪ್ಪಿಸಿದೆ.