ಹುತ್ತದ ಅಣಬೆ: ರುಚಿಗೆ ಐದು, ಮಾರುವ ರೀತಿಗೆ ಎರಡು

ಗುಡುಗು ಮಳೆ ಬಿದ್ದು ಎರಡು ಮೂರು ದಿನ ಕಳೆದರೆ ತುಮಕೂರು ಸುತ್ತಿನ ದಾರಿ ಬದಿಯಲ್ಲಿ ಹುತ್ತದ ಅಣಬೆಯನ್ನು ಗುಡ್ಡೆ ಲೆಕ್ಕದಲ್ಲಿ ಮಾರುತ್ತಾರೆ. ರುಚಿಗೆ ಐದಕ್ಕೆ ಐದು. ಪ್ಯಾಕೆಟ್ಟಿನ ಬಟನ್ ಅಣಬೆ ಇದರ ಹತ್ತಿರ ಸುಳಿಯದು. ಇದರ ಕಾಂಡ ನಾರುನಾರಾಗಿ ಸೀಳುತ್ತದೆ, ಬೆಂದ ಮೇಲೂ ನಾಟಿಕೋಳಿಯ ಹಾಗೆ ಹಲ್ಲಿಗೆ ಸಿಗುತ್ತದೆ. ಮಾರುವ ರೀತಿಗೆ ಮಾತ್ರ ಐದಕ್ಕೆ ಎರಡು.

ತಕರಾರು ಬೇರಿನದು. ಗೆದ್ದಲು ನೆಲದೊಳಗೆ ಸಾಕಿಕೊಂಡ ಶಿಲೀಂಧ್ರದ ತೋಟದಿಂದ ಈ ಅಣಬೆ ಏಳುತ್ತದೆ. ಹಾಗಾಗಿ ಬುಡಕ್ಕೆ ಬೇರಿನಂಥ ಉದ್ದ ಬಾಲ, ನೆತ್ತಿಗೆ ಮಣ್ಣು ಸೀಳುವ ಗಟ್ಟಿ ಮೊನೆ. ಚೊಕ್ಕಟವಾಗಿ ಕಾಣಲೆಂದು ಆ ಬಾಲವನ್ನೇ ಕುಯ್ದು ಎಸೆದಿರುತ್ತಾರೆ! ಬುಡದಲ್ಲಿ ಚೀಲವಿರುವ ವಿಷದ ಅಣಬೆ ಅದರೊಳಗೆ ಸೇರಿದ್ದರೂ ಆಗ ಪತ್ತೆಯಾಗದು. ಮಣ್ಣು ಮೆತ್ತಿದ ಬಾಲವಿದ್ದರೆ ಕೊಳ್ಳಿ, ಇಲ್ಲವಾದರೆ ಮುಂದೆ ನಡೆಯಿರಿ.

ಕೊಡೆ ತಿರುಗಿಸಿ ಅಡಿಯ ಪದರವನ್ನೂ ನೋಡಿ. ಬಿಳಿ ಅಥವಾ ನಸುಗುಲಾಬಿ ಸರಿ. ಹಸಿರು ಛಾಯೆ, ಕಾಂಡಕ್ಕೆ ಬಳೆ ಕಂಡರೆ ಅದು ಹುಲ್ಲುಹಾಸಿನಲ್ಲಿ ಏಳುವ ಬೇರೆ ಜಾತಿ. ತಿಂದ 1ರಿಂದ 3 ಗಂಟೆಯೊಳಗೆ ವಾಂತಿಭೇದಿ. ಎಳೆಯದರಲ್ಲಿ ಅದರ ಪದರವೂ ಬಿಳಿಯೇ ಇರುವುದರಿಂದ ಬಣ್ಣವೊಂದನ್ನೇ ನಂಬಬೇಡಿ. ಬೆಳ್ಳುಳ್ಳಿ ಕಪ್ಪಾಗುತ್ತದೋ ಎಂದು ನೋಡುವ ಪರೀಕ್ಷೆ ಶುದ್ಧ ಸುಳ್ಳು. ಬಲ್ಲವರು ನೋಡಿ ಹೌದೆನ್ನದ ಅಣಬೆಯನ್ನು ಒಲೆಗೆ ಏರಿಸಲೇಬೇಡಿ.

ಕೊಡೆ ಅರ್ಧ ಬಿಚ್ಚಿದ್ದನ್ನು ಆರಿಸಿ. ಪೂರ್ತಿ ಬಿಚ್ಚಿದ್ದಕ್ಕೆ ಬೇಗ ಹುಳ ಬೀಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಲೋಳೆಯಾಗುತ್ತದೆ, ಪೇಪರಿನಲ್ಲಿ ಕಟ್ಟಿಸಿಕೊಂಡು ಅಂದೇ ಬೇಯಿಸಿ. ಬಾಲವನ್ನು ಚಾಕುವಿನಿಂದ ಹೆರೆದು, ಒಂದೊಂದನ್ನೂ ಉದ್ದಕ್ಕೆ ಸೀಳಿ ಹುಳ ನೋಡಿ, ಉಪ್ಪುನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ನೆನೆಹಾಕಿದರೆ ನೀರು ಕುಡಿದು ಸಪ್ಪೆಯಾಗುತ್ತದೆ. ಅರ್ಧ ಕೆಜಿಗೆ ಎರಡು ಈರುಳ್ಳಿ ಬಾಡಿಸಿ ಅಣಬೆ ಹಾಕಿ. ಅದೇ ನೀರು ಬಿಡುತ್ತದೆ. ಆ ನೀರು ಇಂಗಿದ ಮೇಲೆ ರುಬ್ಬಿದ ಖಾರ, ತೆಂಗಿನಕಾಯಿ. ಮೊದಲೇ ಖಾರ ಸುರಿದರೆ ಸಾರು ತೆಳ್ಳಗಾಗಿ ಮುದ್ದೆಗೆ ಹಿಡಿಯುವುದಿಲ್ಲ. ಒಟ್ಟು 20 ನಿಮಿಷ ಚೆನ್ನಾಗಿ ಬೇಯಲಿ.

ನೂರಾರು ಒಟ್ಟಿಗೆ ಏಳುವ ಪುಟಾಣಿ ಜಾತಿಯೂ ಸಿಗುತ್ತದೆ. ಗೆದ್ದಲು ತೋಟದ ಚೂರನ್ನು ನೆಲದ ಮೇಲಕ್ಕೇ ತಂದು ಹಾಕಿರುವುದರಿಂದ ಅದಕ್ಕೆ ಉದ್ದ ಬಾಲವಿಲ್ಲ, ಮೇಲೆ ಹೇಳಿದ ಗುರುತು ನಡೆಯದು. ರುಚಿ ಚೆನ್ನ, ಆದರೆ ಮಣ್ಣು ಬಿಡಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ.