ಬಾಗಿಲು ಮೇಲಕ್ಕೇ ಏಕೆ ತೆರೆಯಬೇಕು: ತಮಿಯಾದ 1/24 ಮರ್ಸಿಡಿಸ್ 300 ಎಸ್‌ಎಲ್ ಕಿಟ್

ಜಪಾನಿನ ತಮಿಯಾ ಕಂಪನಿಯ ಈ ಕಿಟ್‌ನಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಕಾರನ್ನು ಅದರ 24ನೇ ಒಂದು ಪಾಲಿನ ಅಳತೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳಿಂದ ಕಟ್ಟಬೇಕು. ಡಬ್ಬ ತೆರೆದ ಕೂಡಲೇ ಎಲ್ಲರ ಕೈಯೂ ಬಾಡಿಯ ಕಡೆಗೇ ಹೋಗುತ್ತದೆ. ಅದನ್ನು ಪಕ್ಕಕ್ಕಿಟ್ಟು ಫ್ರೇಮ್ ಭಾಗಗಳಿರುವ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಎತ್ತಿಕೊಳ್ಳಿ. ಸಣ್ಣ ಸಣ್ಣ ಕೊಳವೆಗಳು ತ್ರಿಕೋನ ತ್ರಿಕೋನವಾಗಿ ಹೆಣೆದುಕೊಂಡಿರುವ ಆ ಪಂಜರವೇ ನಿಜವಾದ 300 ಎಸ್‌ಎಲ್. ಬಾಡಿ ಅದರ ಮೇಲೆ ತೊಡಿಸಿದ ಅಂಗಿ.

1952ರಲ್ಲಿ ಲ ಮಾನ್ 24 ಗಂಟೆಗಳ ಓಟವನ್ನೂ ಮೆಕ್ಸಿಕೋದ ಕರೇರಾ ಪಾನಮೆರಿಕಾನಾವನ್ನೂ ಗೆದ್ದ ಡಬ್ಲ್ಯು194 ರೇಸ್ ಕಾರು ಇದರ ತಾಯಿಬೇರು. ಅದಕ್ಕೆ ಸಿಕ್ಕಿದ್ದು ದೊಡ್ಡ 300 ಸೆಡಾನ್‌ನ ಆರು ಸಿಲಿಂಡರಿನ ಭಾರದ ಎಂಜಿನ್. ಎಂಜಿನ್ ತೂಕ ಇಳಿಸಲಾಗದಿದ್ದರೆ ಮಿಕ್ಕದ್ದರಲ್ಲಿ ಇಳಿಸಬೇಕು. ಹಾಗಾಗಿ ತೆಳು ಉಕ್ಕಿನ ಕೊಳವೆಗಳ ಫ್ರೇಮ್. ರೇಸ್ ಕಾರಿನಲ್ಲಿ ಅದರ ತೂಕ ಸುಮಾರು 50 ಕೆ.ಜಿ. ಅಷ್ಟೇ. ಇಷ್ಟು ತೆಳು ಕೊಳವೆ ಬಾಗದೆ ನಿಲ್ಲಬೇಕಾದರೆ ಪಕ್ಕದ ಪಂಜರ ಎತ್ತರವಾಗಿರಬೇಕು. ಅದು ಎತ್ತರವಾದರೆ ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯದು. ಬಾಗಿಲನ್ನು ಕಾರಿನ ಮಾಡಿಗೆ ತೂಗುಹಾಕಿದ್ದು ಆ ಕಾರಣಕ್ಕೆ, ಷೋಕಿಗಲ್ಲ. ಅಮೆರಿಕದ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಒತ್ತಾಯದಿಂದ ಅದೇ ಕಾರು ರಸ್ತೆಯ ರೂಪ ಪಡೆದು 1954ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶನಗೊಂಡಿತು. 1957ರವರೆಗೆ ಒಟ್ಟು 1,400 ಕೂಪೆಗಳು (ಗಟ್ಟಿ ಮಾಡಿನ ಈ ಕಾರುಗಳು) ತಯಾರಾದವು.

ಓಡಿಸಲು ಸುಲಭದ ಕಾರೇನೂ ಅಲ್ಲ. ಕಿಟಕಿ ಗಾಜು ಕೆಳಗಿಳಿಯುವುದಿಲ್ಲ, ಕಳಚಿಡಬೇಕು. ಬಿಸಿಲಲ್ಲಿ ಒಳಗೆ ಒಲೆ. ಹಿಂದಿನದು ಸ್ವಿಂಗ್ ಆಕ್ಸಲ್ (ನಡುವಿನ ಕೀಲಿನಿಂದ ಚಕ್ರದೊಂದಿಗೆ ಮೇಲೆ ಕೆಳಗೆ ತೂಗುವ ಅಚ್ಚು), ತಿರುವಿನ ನಡುವೆ ಹೆದರಿ ಆಕ್ಸಲರೇಟರ್ ಬಿಟ್ಟರೆ ಹಿಂಬದಿ ಜಾರಿ ಮುಂದಕ್ಕೆ ಬರಲು ನೋಡುತ್ತದೆ. 1957ರ ರೋಡ್‌ಸ್ಟರ್‌ನಲ್ಲಿ (ಮಾಡು ತೆರೆಯುವ ರೂಪ) ಆಕ್ಸಲ್‌ನ ಕೀಲನ್ನು ಕೆಳಗಿಳಿಸಿ ಇದನ್ನು ಬಹಳಷ್ಟು ಸರಿಪಡಿಸಿದರು. ಓಡಿಸಲು ರೋಡ್‌ಸ್ಟರ್, ನೋಡಲು ಕೂಪೆ. ಮೇಜಿನ ಮೇಲಿಡುವವರಿಗೆ ಆಯ್ಕೆ ಕಷ್ಟವಲ್ಲ.

ಕಿಟ್ ತಮಿಯಾದ ಸ್ಪೋರ್ಟ್ಸ್ ಕಾರ್ ಸರಣಿಯ 338ನೇ ಸಂಖ್ಯೆಯದು. ಈ ಸರಣಿಯ ಎಷ್ಟೋ ಕಿಟ್‌ಗಳಲ್ಲಿ ಬಾನೆಟ್ ಬಾಡಿಗೇ ಅಂಟಿಕೊಂಡಿರುತ್ತದೆ, ಒಳಗೆ ಎಂಜಿನ್ನೇ ಇರುವುದಿಲ್ಲ. ಇಲ್ಲಿ ಫ್ರೇಮ್ ಇದೆ, ಎಂಜಿನ್ ಇದೆ, ಬಾನೆಟ್ ಮತ್ತು ಎರಡೂ ಬಾಗಿಲು ತೆರೆಯುತ್ತವೆ. ಅಳತೆಯಲ್ಲಿ ಮೋಸವಿಲ್ಲ: ನಿಜವಾದ ಕಾರಿನ ಎರಡು ಆಕ್ಸಲ್‌ಗಳ ನಡುವಿನ ದೂರ 2,400 ಮಿ.ಮೀ., ಇಲ್ಲಿ ಸರಿಯಾಗಿ 100. ಉದ್ದ 4,520, ಇಲ್ಲಿ 188.

ಫ್ರೇಮ್ ಕಟ್ಟುವಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ನಿಪ್ಪರನ್ನು (ಭಾಗ ಕತ್ತರಿಸುವ ಚಿಕ್ಕ ಇಕ್ಕಳ) ಕೊಳವೆಗೆ ಒತ್ತಿಯೇ ಕತ್ತರಿಸುವುದು. ಹಾಗೆ ಮಾಡಿದರೆ ಪ್ಲಾಸ್ಟಿಕ್ ಕಿತ್ತು ಗುಳಿ ಬೀಳುತ್ತದೆ, ಇಲ್ಲವೇ ಕೊಳವೆಯೇ ಚಟ್ಟನೆ ಮುರಿಯುತ್ತದೆ. ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದ ಚೂರನ್ನು ಹೊಸ ಬ್ಲೇಡಿನಿಂದ ಎರಡು ಮೂರು ಸಲಕ್ಕೆ ಸವರಿ ತೆಗೆಯಿರಿ. ಎರಡು, ಅಚ್ಚಿನ ಗೆರೆ ತೆಗೆಯಲು ಗಟ್ಟಿ ಪಟ್ಟಿಗೆ ಅಂಟಿಸಿದ ಉಪ್ಪುಕಾಗದ ಬಳಸುವುದು. ದುಂಡಗಿನ ಕೊಳವೆಗೆ ಚಪ್ಪಟೆ ಮುಖ ಬಂದುಬಿಡುತ್ತದೆ. ಬ್ಲೇಡಿನ ಬೆನ್ನಿನಿಂದ ಹಗುರವಾಗಿ ಕೆರೆದು, 600 ನಂಬರಿನ ಮೆತ್ತನೆಯ ಉಜ್ಜುವ ಸ್ಪಂಜಿನಿಂದ ಅಡ್ಡಡ್ಡ ಉಜ್ಜಿದರೆ ದುಂಡು ಉಳಿಯುತ್ತದೆ. ಮೂರನೆಯದೇ ದೊಡ್ಡದು: ಒಂದೊಂದು ಜೋಡಣೆಯನ್ನೂ ಆಗಿಂದಾಗ್ಗೆ ಗಟ್ಟಿಯಾಗಿ ಅಂಟಿಸುತ್ತ ಹೋಗುವುದು. ಮೊದಲ ಜೋಡಣೆಯಲ್ಲಿ ಅರ್ಧ ಮಿಲಿಮೀಟರ್ ವಾರೆಯಾದರೆ ಕೊನೆಗೆ ಬಾಡಿ ಕೂರುವುದೇ ಇಲ್ಲ. ಎಲ್ಲವನ್ನೂ ಒಣಗೇ ಜೋಡಿಸಿ, ಟೇಪ್ ಹಾಕಿ, ಸಪಾಟು ಗಾಜಿನ ಮೇಲಿಟ್ಟು ನೋಡಿ. ನಾಲ್ಕು ಮೂಲೆಯೂ ನೆಲ ಮುಟ್ಟಿದ ಮೇಲೆ ತೆಳು ಸಿಮೆಂಟನ್ನು (ನೀರಿನಂಥ ಪ್ಲಾಸ್ಟಿಕ್ ಅಂಟು) ಸಂದಿಗೆ ಬ್ರಷ್ಷಿನ ತುದಿಯಿಂದ ತಾಗಿಸಿ. ಅದು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ನಿಮ್ಮ ಬೆರಳು ಅದೇ ಸಂದಿಯ ಮೇಲಿದ್ದರೆ ಬೆರಳಚ್ಚೂ ಫ್ರೇಮಿನ ಭಾಗವಾಗುತ್ತದೆ. ಒಂದು ರಾತ್ರಿ ಹಾಗೇ ಬಿಡಿ.

ಎಂಜಿನ್ ಎಡಕ್ಕೆ 50 ಡಿಗ್ರಿ ಒರಗಿದೆ. ಮೊದಲ ಸಲ ಕಟ್ಟುವವರಿಗೆ ತಪ್ಪಾಗಿ ಕೂರಿಸಿದ ಹಾಗೆ ಕಂಡು, ನೆಟ್ಟಗೆ ಮಾಡಲು ಹೋಗಿ ಮೌಂಟ್ ಮುರಿದುಕೊಳ್ಳುವುದುಂಟು. ಅದು ಒರಗಿರುವುದರಿಂದಲೇ ಬಾನೆಟ್ ಅಷ್ಟು ತಗ್ಗಾಗಿರುವುದು. 2,996 ಸಿ.ಸಿ., ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್, ಪೆಟ್ರೋಲು ನೇರ ಸಿಲಿಂಡರಿನೊಳಕ್ಕೆ. ಬಣ್ಣದ ವಿಷಯದಲ್ಲಿ ಒಂದು ಸೋಮಾರಿತನ ಬೇಡ: ಇಡೀ ಎಂಜಿನ್‌ಗೆ ಒಂದೇ ಬೆಳ್ಳಿ ಬಳಿಯುವುದು. ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಬ್ಲಾಕಿಗೆ ಮಂಕಾದ ಗಾಢ ಲೋಹದ ಬಣ್ಣ, ಹೆಡ್ ಮತ್ತು ಗಾಳಿ ಎಳೆಯುವ ದಪ್ಪ ಕೊಳವೆಗಳಿಗೆ ತಿಳಿ ಅಲ್ಯೂಮಿನಿಯಂ ಕೊಟ್ಟರೆ ಎಂಜಿನ್ ಅರ್ಧ ಮುಗಿದಂತೆ. ಸ್ಪಾರ್ಕ್ ಪ್ಲಗ್ ವೈರುಗಳನ್ನು ಸೇರಿಸುವವರು ದಪ್ಪದ ಲೆಕ್ಕ ಮಾಡಲಿ: ನಿಜವಾದ ವೈರು 7 ಮಿ.ಮೀ. ಆದರೆ ಇಲ್ಲಿ 0.3 ಮಿ.ಮೀ. ಅರ್ಧ ಮಿ.ಮೀ. ವೈರು ಹಾಕಿದರೆ ಎಂಜಿನ್ ಮೇಲೆ ತೋಟದ ಪೈಪು ಸುತ್ತಿದಂತೆ ಕಾಣುತ್ತದೆ.

ಇನ್ನು ಬಾಗಿಲು. ಈ ಕಿಟ್ ಗೆಲ್ಲುವುದೂ ಸೋಲುವುದೂ ಇಲ್ಲೇ.

ಕಾರಿನ ಬಾಗಿಲ ಸಂದಿ 5 ಮಿ.ಮೀ. ಅಂದುಕೊಳ್ಳಿ, 1/24ರಲ್ಲಿ 0.2 ಮಿ.ಮೀ. ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಸೇರಿ ಧಾರಾಳವಾಗಿ ಹೊಡೆದರೆ ಪದರದ ದಪ್ಪ 0.1 ಮಿ.ಮೀ. ಆಗಬಹುದು. ಬಾಗಿಲ ಅಂಚಿಗೊಂದು ಪದರ, ಚೌಕಟ್ಟಿನ ಅಂಚಿಗೊಂದು ಪದರ. ಸಂದಿ ಅಲ್ಲಿಗೇ ತುಂಬಿಹೋಯಿತು. ಒತ್ತಿ ಮುಚ್ಚಿದರೆ ಅಂಚಿನ ಬಣ್ಣ ಸಿಪ್ಪೆಯಂತೆ ಏಳುತ್ತದೆ, ಬಲವಂತ ಮಾಡಿದರೆ ಮಾಡಿನ ಬಳಿಯ ಕೀಲು ಮುರಿಯುತ್ತದೆ. ಅದು ಕಿಟ್‌ನ ದೋಷವಲ್ಲ, ಲೆಕ್ಕ ಮಾಡದವರ ದೋಷ.

ಬಣ್ಣಕ್ಕೆ ಮುಂಚೆಯೇ ಬಾಗಿಲು ಮತ್ತು ಬಾನೆಟನ್ನು ಒಣಗೇ ಕೂರಿಸಿ ಸುತ್ತಲೂ ಸಂದಿ ನೋಡಿ. ಮಾಮೂಲಿ ಬರೆಯುವ ಕಾಗದ ಸರಾಗವಾಗಿ ಸುತ್ತಲೂ ಹರಿದಾಡಬೇಕು. ಅದರ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಸಿಕ್ಕಿಹಾಕಿಕೊಂಡ ಕಡೆ 600 ನಂಬರಿನಿಂದ ಬಾಗಿಲ ಅಂಚನ್ನು ನಾಲ್ಕೈದು ಸಲ ಸವರಿ ಮತ್ತೆ ನೋಡಿ. ಚೌಕಟ್ಟನ್ನು ಮುಟ್ಟಬೇಡಿ, ಬಾಗಿಲನ್ನಷ್ಟೇ ಉಜ್ಜಿ. ಎರಡನ್ನೂ ಉಜ್ಜಿದರೆ ಎಷ್ಟು ಹೋಯಿತೆಂಬ ಅಂದಾಜೇ ತಪ್ಪುತ್ತದೆ. ಅಂಚುಗಳಿಗೆ ಮೊದಲು ತೆಳುವಾಗಿ ಒಂದು ಕೈ ಬಣ್ಣ ಹೊಡೆದು ಒಣಗಿಸಿ. ಆಮೇಲೆ ಬಾಗಿಲು, ಬಾನೆಟ್ ಎಲ್ಲವನ್ನೂ ಒಳಗಿನಿಂದ ಟೇಪ್ ಹಾಕಿ ತಮ್ಮ ಜಾಗದಲ್ಲೇ ನಿಲ್ಲಿಸಿ, ಇಡೀ ಬಾಡಿಗೆ ಒಟ್ಟಿಗೇ ಬಣ್ಣ ಹೊಡೆಯಿರಿ. ಬಣ್ಣ ಇನ್ನೂ ಎಳೆಯದಾಗಿರುವಾಗಲೇ ಬಾಗಿಲು ಬಿಡಿಸಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಬಿಡಿಸಿದರೆ ಸಂದಿಗೆ ಅಡ್ಡಲಾಗಿ ಕಟ್ಟಿದ ಪದರ ಚೂರಾಗಿ ಕಿತ್ತುಬರುತ್ತದೆ.

ಒಟ್ಟಿಗೇ ಹೊಡೆಯಲು ಇನ್ನೊಂದು ಕಾರಣ ಬೆಳ್ಳಿ ಬಣ್ಣ. ಈ ಕಾರಿಗೆ ಹೆಸರು ತಂದ ಬಣ್ಣ, ಕಾರು ಕಂಪನಿಯ ಸಂಕೇತದಲ್ಲಿ ಡಿಬಿ 180, ಬೆಳ್ಳಿಬೂದು. ಲೋಹದ ಕಣಗಳಿರುವ ಬಣ್ಣದಲ್ಲಿ ಕಣಗಳು ಯಾವ ಕಡೆಗೆ ಮಲಗುತ್ತವೆಯೋ ಹೊಳಪೂ ಆ ಕಡೆಗೆ. ಬಾಗಿಲನ್ನು ಬೇರೆಯಾಗಿ, ಬೇರೆ ಕೋನದಲ್ಲಿ, ಬೇರೆ ದಿನ ಹೊಡೆದರೆ ಅದೇ ಡಬ್ಬಿಯ ಬಣ್ಣವೇ ಆದರೂ ಬೇರೆ ಕಾರಿನ ಬಾಗಿಲು ತಂದು ಹಾಕಿದಂತಿರುತ್ತದೆ. ಕಣದ ಗಾತ್ರದ ಲೆಕ್ಕವೂ ಇದೆ: 30 ಮೈಕ್ರಾನ್‌ನ ಕಣ 1/24ರಲ್ಲಿ ಮುಕ್ಕಾಲು ಮಿಲಿಮೀಟರಿಗೆ ಸಮ. ಅಂಥ ಬಣ್ಣ ಬಳಿದ ಮಾಡೆಲ್ ಕಾರಿನಂತೆ ಕಾಣುವುದಿಲ್ಲ, ಮಿಂಚುಪುಡಿ ಎರಚಿದ ಆಟಿಕೆಯಂತೆ ಕಾಣುತ್ತದೆ. ತಮಿಯಾ ಸ್ಪ್ರೇಗಳಲ್ಲಿ ಈ ಕಾರಿಗೆ ಹೊಂದುವುದು ಟಿಎಸ್-30 ಸಿಲ್ವರ್ ಲೀಫ್, ಅದೂ ಬೂದು ಪ್ರೈಮರಿನ ಮೇಲೆ. ಕಣ ನುಣುಪು, ಹೊಳಪು ಮಿತ. ಟಿಎಸ್-83 ಮೆಟಾಲಿಕ್ ಸಿಲ್ವರ್ ಇಲ್ಲಿ ಅತಿಯಾಯಿತು. 100 ಮಿ.ಲೀ.ಯ ಒಂದು ಡಬ್ಬಿ ಇಡೀ ಕಾರಿಗೆ ಸಾಕು.

ಹೊಡೆಯುವ ಕ್ರಮ: ಡಬ್ಬಿಯನ್ನು ಕೈಗೆ ಹಿತವೆನಿಸುವ ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ (ಒಲೆಯ ಹತ್ತಿರವೂ ಒಯ್ಯಬೇಡಿ), ಚೆನ್ನಾಗಿ ಕುಲುಕಿ, 20-25 ಸೆಂ.ಮೀ. ದೂರದಿಂದ ಮಂಜಿನಂಥ ಮೂರು ತೆಳು ಪದರ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಸ್ಪ್ರೇ ಬಾಡಿಯ ಹೊರಗೇ ಶುರುವಾಗಿ ಹೊರಗೇ ನಿಲ್ಲಬೇಕು. ಬೆಳ್ಳಿಯನ್ನು ಒದ್ದೆಯಾಗುವಷ್ಟು ಹೊಡೆದರೆ ಕಣಗಳು ತೇಲಿ ಚಕ್ರದ ಮೇಲಿನ ಹುಬ್ಬುಗಳ ಕೆಳಗೆ ಕಪ್ಪು ನೆರಳಿನಂತೆ ಸೇರಿಕೊಳ್ಳುತ್ತವೆ. ಆ ಕಲೆಯನ್ನು ಉಜ್ಜಿ ತೆಗೆಯಲಾಗುವುದಿಲ್ಲ. ಬೆಳ್ಳಿ ಪದರವನ್ನು ಉಜ್ಜಿದರೆ ಕಣಗಳೇ ಕಿತ್ತು ಇನ್ನಷ್ಟು ಕೆಡುತ್ತದೆ. ಮಳೆಯ ದಿನ ಈ ಕೆಲಸ ಬೇಡ. ಲ್ಯಾಕರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂತು ಬಿಳುಪು ಮಸಕು ಬರುತ್ತದೆ.

ಮೇಲಿನ ಕ್ಲಿಯರ್‌ಗೆ ಟಿಎಸ್-13. ಎರಡು ಮಂಜಿನ ಪದರ, ಆಮೇಲೆ ಒಂದೇ ಒಂದು ಒದ್ದೆ ಪದರ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಇರುವ ಜಾಗದಲ್ಲಿ ಮೊದಲಿಗೇ ಒದ್ದೆಯಾಗಿ ಹೊಡೆದರೆ ಡೆಕಾಲ್ ಸುಕ್ಕಾಗುತ್ತದೆ. ಒಣಗಿತೋ ಇಲ್ಲವೋ ನೋಡಲು ಬೆರಳು ಬೇಡ, ಮೂಗು ಸಾಕು: ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಹಸಿ. ಒಂದು ವಾರ ಬಿಟ್ಟು 2000, 3000 ವಾಟರ್ ಪೇಪರ್, ನಂತರ ಹೊಳಪು ಕೊಡುವ ಫೈನ್, ಫಿನಿಶ್ ಕಾಂಪೌಂಡ್. ಹುಬ್ಬುಗಳ ತುದಿ, ಬಾನೆಟ್‌ನ ಎರಡು ಉಬ್ಬುಗಳ ಏಣು, ಬಾಗಿಲ ಅಂಚು, ಇಷ್ಟಕ್ಕೆ ವಾಟರ್ ಪೇಪರ್ ತಾಗಿಸಲೇಬೇಡಿ. ಏಣಿನ ಮೇಲೆ ಪದರ ತೆಳುವಾಗಿರುತ್ತದೆ, ಎರಡು ಉಜ್ಜಿಗೆ ಪ್ರೈಮರ್ ಇಣುಕುತ್ತದೆ. ಅಂದಹಾಗೆ ಆ ಎರಡು ಉಬ್ಬುಗಳಲ್ಲಿ ಎಂಜಿನ್‌ಗೆ ಬೇಕಿದ್ದುದು ಒಂದೇ, ಇನ್ನೊಂದು ಜೋಡಿಗಿರಲಿ ಎಂದು ಇಟ್ಟದ್ದು.

ಕ್ರೋಮ್ ಲೇಪಿತ ಭಾಗಗಳ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಪ್ಲಾಸ್ಟಿಕ್ ಮೇಲಿನ ಈ ಲೇಪನ ಎಲ್ಲ ಕಿಟ್‌ಗಳಲ್ಲೂ ಸ್ವಲ್ಪ ದಪ್ಪವೇ. ಸ್ಪ್ರೂನಿಂದ ಕತ್ತರಿಸಿದ ಜಾಗ ಬಿಳಿಯಾಗಿ ಉಳಿಯುತ್ತದೆ, ಅಂಟು ಅದರ ಮೇಲೆ ಹಿಡಿಯುವುದಿಲ್ಲ. ಅಂಟುವ ಮುಖದ ಲೇಪನವನ್ನು ಕೆರೆದು ತೆಗೆದೇ ಅಂಟಿಸಿ. ತಾಳ್ಮೆ ಇರುವವರು ಬಂಪರುಗಳನ್ನು ಬಟ್ಟೆಯ ಬ್ಲೀಚಿನಲ್ಲಿ ಅದ್ದಿ ಲೇಪನ ತೆಗೆದು, ಗೆರೆ ಉಜ್ಜಿ, ಹೊಳಪು ಕಪ್ಪಿನ ಮೇಲೆ ಕ್ರೋಮ್ ಬಣ್ಣ ಹೊಡೆಯಬಹುದು. ಕಿಟಕಿಯ ಸುತ್ತಲಿನ ಪಟ್ಟಿಗೆ ಬಣ್ಣಕ್ಕಿಂತ ಬೇರ್ ಮೆಟಲ್ ಫಾಯಿಲ್ (ಹಿಂದೆ ಅಂಟಿರುವ ತೆಳು ಲೋಹದ ಹಾಳೆ) ಮೇಲು. ಲಾಂಛನಕ್ಕೆ ಕೊಟ್ಟಿರುವ ಲೋಹದ ಟ್ರಾನ್ಸ್‌ಫರನ್ನು ಪಾಲಿಶ್ ಮುಗಿದ ಮೇಲೆ, ಕೊನೆಗೆ ಅಂಟಿಸಿ. ಅದರ ಮೇಲೆ ಕ್ಲಿಯರ್ ಬಿದ್ದರೆ ಹೊಳಪು ಸತ್ತಂತೆ. ಗಾಜಿನ ಭಾಗಗಳಿಗೆ ಸೂಪರ್ ಗ್ಲೂ ಬೇಡ, ಆವಿಗೆ ಗಾಜು ಮಂಜಾಗುತ್ತದೆ. ಬಿಳಿ ಗೋಂದು ಸಾಕು. ಬಾಗಿಲ ಸಂದಿಗಳಿಗೆ ಕಪ್ಪು ಗೆರೆ ಎಳೆಯುವ ಅಭ್ಯಾಸವಿದ್ದರೆ ಇಲ್ಲಿ ಬಿಡಿ: ತೆರೆಯುವ ಭಾಗಗಳಿಗೆ ನಿಜವಾದ ಸಂದಿಯೇ ಇದೆ. ಡಿಕ್ಕಿಯ ಗೆರೆಗೆ ಮಾತ್ರ ಗಾಢ ಬೂದು.

ಮೊದಲ ಕಿಟ್ ಆಗಿ ಇದನ್ನು ಕೊಳ್ಳುವುದು ಬೇಡ. ಬಾನೆಟ್ ಮುಚ್ಚಿದ ಎರಡು ಮೂರು ಕಾರು ಕಟ್ಟಿ, ಸ್ಪ್ರೇ ಕೈಗೆ ಹತ್ತಿದ ಮೇಲೆ ತೆಗೆದುಕೊಳ್ಳಿ. ಎಂಜಿನ್, ಫ್ರೇಮ್ ಎಂದರೆ ಬೇಸರ, ಹೊಳೆಯುವ ಬಾಡಿ ಸಾಕು ಎನ್ನುವವರಿಗೂ ಇದು ದಂಡ. ಕೆಲಸದ ಅರ್ಧಕ್ಕಿಂತ ಹೆಚ್ಚು ಬಾಡಿಯ ಕೆಳಗೇ ಇದೆ. ಬಾಡಿ ಹೊದಿಸಿದ ಮೇಲೆ ಆ ಪಂಜರದ ಬಹುಪಾಲು ಕಣ್ಣಿಗೆ ಬೀಳುವುದಿಲ್ಲ ಎನ್ನುವುದೇ ಈ ಕಿಟ್ ಬಗ್ಗೆ ಇರುವ ಒಂದು ಕೊರಗು. ಅದಕ್ಕೆ ಉಪಾಯ: ಬಾಡಿಯನ್ನು ಫ್ರೇಮಿಗೆ ಅಂಟಿಸಲೇಬೇಡಿ, ಸುಮ್ಮನೆ ಕೂರಿಸಿಡಿ. ಎತ್ತುವಾಗ ಎರಡೂ ಬಾಗಿಲು ಮುಚ್ಚಿರಲಿ, ಕೈ ಮಾಡಿನ ಮೇಲಲ್ಲ, ಚಕ್ರದ ಕಮಾನುಗಳ ಹತ್ತಿರವಿರಲಿ.