ಫೋಲ್ಡರ್ ಖಾಲಿ ಕಂಡಿತೆಂದು ಡಾಕರ್ ರಿಸೆಟ್ ಮಾಡಬೇಡಿ

ವಿಂಡೋಸ್‌ನಲ್ಲಿ ಡಾಕರ್ (ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಓಡಿಸುವವರು, ಅದರಲ್ಲೂ ಗಿಟ್ ಬ್ಯಾಷ್‌ನಲ್ಲಿ (ಲಿನಕ್ಸ್ ಶೈಲಿಯ ಕಮಾಂಡ್ ಕಿಟಕಿ, ಅಂದರೆ ಶೆಲ್) ಕಮಾಂಡ್ ಹೊಡೆಯುವವರು, ಇದನ್ನು ಒಮ್ಮೆ ಓದಿ. ನನ್ನ ಆರು ದಿನದ ಕೆಲಸ ಹೋಯಿತು. ನಾನೇ ಕೈಯಾರೆ ಅಳಿಸಿ ಹಾಕಿದೆ.

ಸ್ಕ್ಯಾನ್ ಮಾಡಿದ ಪುಟಗಳಿಂದ ತೆಗೆದ ಅಕ್ಷರಗಳಲ್ಲಿ ತಪ್ಪು ತಿದ್ದುವ ಕೆಲಸ ಅದು. ಅದಕ್ಕೊಂದು ಸಣ್ಣ ವೆಬ್ ಆ್ಯಪ್ ಕಂಟೇನರ್‌ನಲ್ಲಿ ಓಡುತ್ತಿತ್ತು. ತಿದ್ದಿದ ಪುಟವನ್ನು ಅದು ಕಂಟೇನರ್ ಒಳಗಿನ 'ಡೇಟಾ' ಫೋಲ್ಡರ್‌ನಲ್ಲಿ ಉಳಿಸುತ್ತದೆ. ಅದನ್ನು ಸಿ ಡ್ರೈವ್‌ನ 'ಪೇಜಸ್' ಫೋಲ್ಡರ್‌ಗೆ ಜೋಡಿಸಿದ್ದೆ. ಜೋಡಿಸಿದ್ದೇನೆ ಅಂದುಕೊಂಡಿದ್ದೆ. ಡಾಕರ್ ಕಮಾಂಡ್‌ನಲ್ಲಿ ಫೋಲ್ಡರ್ ಜೋಡಿಸುವ 'ಮೈನಸ್ ವಿ' ಹಾಕಿ, ಎಡಕ್ಕೆ ವಿಂಡೋಸ್ ಫೋಲ್ಡರ್, ನಡುವೆ ಕೋಲನ್, ಬಲಕ್ಕೆ ಡೇಟಾ. ಎಲ್ಲರೂ ಬರೆಯುವ ಹಾಗೇ ಬರೆದೆ. ಎಂಟರ್ ಒತ್ತಿದೆ, ಆ್ಯಪ್ ಎದ್ದಿತು. ಒಂದೇ ಒಂದು ಎರರ್ ಇಲ್ಲ.

ಆರನೇ ದಿನ ಸಂಜೆ ನಕಲು ತೆಗೆದಿಡೋಣ ಅಂತ ಪೇಜಸ್ ಫೋಲ್ಡರ್ ತೆರೆದೆ. ಖಾಲಿ! ಬ್ರೌಸರ್‌ನಲ್ಲಿ ನೋಡಿದರೆ ತಿದ್ದಿದ ಪುಟಗಳೆಲ್ಲ ಕಾಣುತ್ತಿವೆ. ಆಗಲೇ ನಾನು ಯೋಚಿಸಬೇಕಿತ್ತು. ಪುಟಗಳು ಕಾಣುತ್ತಿವೆ ಅಂದಮೇಲೆ ಎಲ್ಲೋ ಇವೆ ಅಂತ ತಾನೇ ಅರ್ಥ? ಯೋಚಿಸಲಿಲ್ಲ. 'ಶೇರಿಂಗ್ ಕೆಟ್ಟಿದೆ' ಅಂತ ತೀರ್ಮಾನಿಸಿ ರಿಪೇರಿಗೆ ಇಳಿದೆ.

ಸಿಕ್ಕ ಸಲಹೆಗಳೆಲ್ಲ ಹಳೆಯವು. ಫೈರ್‌ವಾಲ್‌ನಲ್ಲಿ 445 ಪೋರ್ಟ್ ತೆರೆಯಿರಿ, ವಿಂಡೋಸ್ ಪಾಸ್‌ವರ್ಡ್ ಮತ್ತೆ ಕೊಡಿ, ಡ್ರೈವ್ ಟಿಕ್ ತೆಗೆದು ಮತ್ತೆ ಹಾಕಿ. ಇವೆಲ್ಲ ಡಾಕರ್ ಹೈಪರ್-ವಿ (ವಿಂಡೋಸ್‌ನ ವರ್ಚುವಲ್ ಯಂತ್ರ ವ್ಯವಸ್ಥೆ) ಮೇಲೆ ನಿಂತು, ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವಿಧಾನ) ಮೂಲಕ ಡ್ರೈವ್ ಹಂಚುತ್ತಿದ್ದ ಕಾಲದ ಮಾತು. 2020ರಲ್ಲಿ ಬಂದ ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಮೇಲೆ ಓಡುವ ಡಾಕರ್‌ಗೆ ಈ ಪೋರ್ಟ್ ಬೇಕೇ ಇಲ್ಲ. ನಾನು ಸುಮ್ನೆ ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಅರ್ಧ ಗಂಟೆ ಕೂತೆ. ಕೊನೆಗೆ ಡಾಕರ್‌ನ ಟ್ರಬಲ್‌ಶೂಟ್ ಮೆನುವಿಗೆ ಹೋಗಿ 'ಕ್ಲೀನ್ / ಪರ್ಜ್ ಡೇಟಾ' ಒತ್ತಿದೆ. ಕ್ಯಾಶ್ ತೊಳೆಯುವಂಥದ್ದೇನೋ ಅಂದುಕೊಂಡಿದ್ದೆ. ಅದು ಕಂಟೇನರ್, ಇಮೇಜ್ (ಕಂಟೇನರ್‌ನ ಅಚ್ಚು), ವಾಲ್ಯೂಮ್ (ಡಾಕರ್ ತಾನೇ ನೋಡಿಕೊಳ್ಳುವ ಡೇಟಾ ಜಾಗ) ಎಲ್ಲವನ್ನೂ ಗುಡಿಸಿ ಹಾಕುತ್ತದೆ. ಕಂಟೇನರ್ ಜೊತೆಗೆ ಪುಟಗಳೂ ಹೋದವು.

ಆದದ್ದೇನು ಅಂತ ಗೊತ್ತಾಗಿದ್ದು ಮಾರನೇ ದಿನ. ಪೇಜಸ್ ಪಕ್ಕದಲ್ಲೇ ಇನ್ನೊಂದು ಫೋಲ್ಡರ್ ಕೂತಿತ್ತು. ಅದರ ಹೆಸರು ಪೇಜಸ್, ಆಮೇಲೆ ಒಂದು ಸೆಮಿಕೋಲನ್, ಆಮೇಲೆ ಸಿ ಅಕ್ಷರ. ಅದೂ ಖಾಲಿ. ನಾನಂತೂ ಅಂಥ ಫೋಲ್ಡರ್ ಮಾಡಿರಲಿಲ್ಲ.

ಇದು ಗಿಟ್ ಬ್ಯಾಷ್‌ನ ಅತಿ ಜಾಣತನ. ಸ್ಲ್ಯಾಶ್‌ನಿಂದ ಶುರುವಾಗುವ ದಾರಿ (ಪಾತ್, ಅಂದರೆ ಫೋಲ್ಡರ್‌ನ ವಿಳಾಸ) ಕಂಡರೆ ಅದನ್ನು ವಿಂಡೋಸ್ ದಾರಿಯಾಗಿ ಬದಲಿಸಿ ಮುಂದಿನ ಪ್ರೋಗ್ರಾಂಗೆ ಕೊಡುತ್ತದೆ. ನಡುವೆ ಕೋಲನ್ ಇದ್ದರೆ 'ಓಹೋ, ಎರಡು ದಾರಿಗಳ ಪಟ್ಟಿ' ಅಂದುಕೊಂಡು ಕೋಲನ್ ಕಿತ್ತು ಸೆಮಿಕೋಲನ್ ಹಾಕುತ್ತದೆ. ಹಾಗಾಗಿ ಬಲಗಡೆಯ ಡೇಟಾ ಹೋಗಿ ಪ್ರೋಗ್ರಾಂ ಫೈಲ್ಸ್ ಒಳಗಿನ ಗಿಟ್ ಒಳಗಿನ ಡೇಟಾ ಆಯಿತು. ಡಾಕರ್‌ಗೆ ತಲುಪಿದ್ದು ಈ ಕಲಸುಮೇಲೋಗರ. ಅದು ತನಗೆ ಸಿಕ್ಕ ಕೋಲನ್‌ನಲ್ಲಿ, ಅಂದರೆ ಬಲಗಡೆಯ ದಾರಿಯ 'ಸಿ' ಅಕ್ಷರದ ನಂತರದ ಕೋಲನ್‌ನಲ್ಲಿ, ತುಂಡು ಮಾಡಿತು. ಎಡಗಡೆಯ ಫೋಲ್ಡರ್ ಇಲ್ಲದಿದ್ದರೆ 'ಮೈನಸ್ ವಿ' ಜಗಳವಾಡುವುದಿಲ್ಲ, ತಾನೇ ಖಾಲಿ ಫೋಲ್ಡರ್ ಸೃಷ್ಟಿಸುತ್ತದೆ. ಆ ವಿಚಿತ್ರ ಹೆಸರು ಬಂದದ್ದು ಹಾಗೆ. ನಿಜವಾದ ಡೇಟಾ ಫೋಲ್ಡರ್‌ಗೆ ಯಾವ ಜೋಡಣೆಯೂ ಆಗಿರಲಿಲ್ಲ. ಆರು ದಿನವೂ ಪುಟಗಳು ಕಂಟೇನರ್‌ನ ಹೊಟ್ಟೆಯೊಳಗೇ ಸೇರುತ್ತಿದ್ದವು.

ಕಂಟೇನರ್ ನಿಲ್ಲಿಸಿದರೂ ಅವು ಅಲ್ಲೇ ಇರುತ್ತಿದ್ದವು. ಕಂಟೇನರ್‌ನಿಂದ ಫೈಲ್ ನಕಲಿಸುವ 'ಡಾಕರ್ ಸಿಪಿ' ಅನ್ನೋ ಒಂದು ಕಮಾಂಡ್ ಸಾಕಿತ್ತು, ಎಲ್ಲವೂ ಹೊರಗೆ ಬರುತ್ತಿತ್ತು.

ಆದ್ದರಿಂದ ಫೋಲ್ಡರ್ ಖಾಲಿ ಕಂಡರೆ ಕಂಟೇನರನ್ನು ಅಳಿಸಬೇಡಿ, ರಿಸೆಟ್ ಮಾಡಬೇಡಿ. ಮೊದಲು 'ಡಾಕರ್ ಇನ್‌ಸ್ಪೆಕ್ಟ್' ಕೊಟ್ಟು ಮೌಂಟ್ಸ್ ಅನ್ನೋ ಭಾಗ ಓದಿ. ಸೋರ್ಸ್ ಯಾವುದು, ಡೆಸ್ಟಿನೇಶನ್ ಯಾವುದು ಅಂತ ಅಲ್ಲೇ ಬರೆದಿರುತ್ತದೆ. ಇದನ್ನೆಲ್ಲ ವಿಂಡೋಸ್‌ನದೇ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಮಾಡಿ. ಗಿಟ್ ಬ್ಯಾಷ್‌ನಲ್ಲಿ ಪರೀಕ್ಷೆ ಮಾಡಲು ಹೋದರೆ ಅಲ್ಲೂ ದಾರಿ ತಿರುಚಿ 'ಅಂಥ ಫೋಲ್ಡರೇ ಇಲ್ಲ' ಅನ್ನುತ್ತದೆ, ಇನ್ನಷ್ಟು ಗಾಬರಿ. ಗಿಟ್ ಬ್ಯಾಷೇ ಬೇಕು ಅನ್ನುವವರು ಕಮಾಂಡ್‌ನ ಮುಂದೆ 'ಎಂಎಸ್‌ವೈಎಸ್ ನೋ ಪಾತ್‌ಕನ್ವ್' ಅನ್ನೋ ವೇರಿಯಬಲ್‌ಗೆ 1 ಕೊಡಿ (ಪದಗಳ ನಡುವೆ ಅಂಡರ್‌ಸ್ಕೋರ್). ನಾನೀಗ ದಾರಿಗಳನ್ನು ಡಾಕರ್‌ನ ಸೆಟ್ಟಿಂಗ್ ಬರೆದಿಡುವ ಕಂಪೋಸ್ ಫೈಲ್‌ನಲ್ಲೇ ಬರೆದಿಡುತ್ತೇನೆ, ಶೆಲ್‌ಗೆ ಕೈ ಹಾಕಲು ಅವಕಾಶವೇ ಇಲ್ಲ. 'ಮೈನಸ್ ವಿ' ಬದಲು 'ಮೌಂಟ್' ಬಳಸುವುದೂ ಒಳ್ಳೆಯದು. ಸೋರ್ಸ್ ಫೋಲ್ಡರ್ ಇಲ್ಲದಿದ್ದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ.

ಜೋಡಣೆ ಸರಿಯಿದ್ದೂ ಕೈಕೊಡುವ ಜಾಗಗಳು ಬೇರೆ ಇವೆ. ಫೈಲ್ ತಿದ್ದಿದರೂ ಕಂಟೇನರ್‌ನ ಸರ್ವರ್ ತಾನಾಗಿ ರೀಲೋಡ್ ಆಗದಿದ್ದರೆ ಅದು ಶೇರಿಂಗ್ ತಪ್ಪಲ್ಲ. ಸಿ ಡ್ರೈವ್‌ನ ಬದಲಾವಣೆಯ ಸುದ್ದಿ ಡಬ್ಲ್ಯೂಎಸ್‌ಎಲ್ 2 ಒಳಗಿನ ಲಿನಕ್ಸ್‌ಗೆ ಮುಟ್ಟುವುದಿಲ್ಲ, ಅಷ್ಟೇ. ಪ್ರಾಜೆಕ್ಟನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ಗೆ ಸಾಗಿಸಿದರೆ ಸರಿಹೋಗುತ್ತದೆ, ವೇಗವೂ ಜಾಸ್ತಿ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸನ್ನು ವಿಂಡೋಸ್ ಫೋಲ್ಡರ್ ಮೇಲೆ ಕೂರಿಸಲು ಹೋಗಲೇಬೇಡಿ. ಫೈಲ್ ಪರ್ಮಿಶನ್ ಹೊಂದದೆ ತಕರಾರು ಮಾಡುತ್ತದೆ, ಅದಕ್ಕೆ ಡಾಕರ್‌ನದೇ ವಾಲ್ಯೂಮ್ ಕೊಡಿ.

ನಾನು ಮೊದಲ ಪುಟದಿಂದ ಮತ್ತೆ ಶುರು ಮಾಡಿದ್ದೇನೆ. ಈ ಸಲ ಒಂದು ಪುಟ ತಿದ್ದಿದ ಕೂಡಲೇ ಪೇಜಸ್ ಫೋಲ್ಡರ್ ತೆರೆದೆ. ಫೈಲ್ ಇತ್ತು. ಎರಡನೇ ಪುಟ ತಿದ್ದಿ ಮತ್ತೆ ತೆರೆದು ನೋಡಿದೆ.